ಖಾಲಿಯದು ಮೊದಲು

ಸಾಸಿವೆಕಾಳಿನಷ್ಟು ಒಂದು ಕೆಂಪು ದೀಪ. ಆ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅದೇ. ನೇಕಾರ ಸಂಘದ ನಡುಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆಯಿತ್ತು. ಅದರ ಮೂತಿಯ ಮೇಲೆ ಈ ದೀಪ. ಒಳಗಿನ ಡಿಸ್ಕು ಏನನ್ನಾದರೂ ಓದುವಾಗ ಅಥವಾ ಬರೆಯುವಾಗ ಮಿಣಿಮಿಣಿ ಮಿನುಗುವುದು, ಕೆಲಸವಿಲ್ಲದಾಗ ಆರುವುದು. ನಾನು ಗಂಡನನ್ನು ಕಳೆದುಕೊಂಡವಳು. ಎರಡು ಸಲ ಹೊಟ್ಟೆ ಕೊಯ್ಸಿಕೊಂಡು ಬದುಕಿ ಬಂದವಳು. ಆಗೆಲ್ಲ ಅತ್ತಿದ್ದೇನೆ, ನರಳಿದ್ದೇನೆ. ಆದರೆ ಆ ಸಾಸಿವೆಕಾಳನ್ನು ನೋಡಿ ಹೆದರಿದ ಹಾಗೆ ಇನ್ನಾವುದಕ್ಕೂ ಹೆದರಿದವಳಲ್ಲ.

ಆ ಡಿಸ್ಕಿನಲ್ಲಿದ್ದದ್ದು ಅಂದಾನೆಪ್ಪ ಮಾಸ್ತರರ ನಾನೂರ ಮೂವತ್ತೊಂದು ಡಿಸೈನುಗಳು.

ಸೀರೆಯ ದಡಿಯಲ್ಲಿ ಒಂದು ಹೂವು ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತಿರುಗಬೇಕು. ಕಾರ್ಡಿನಲ್ಲಿ ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಸುಮ್ಮನಿರುತ್ತದೆ. ಎಲ್ಲಿ ತೂತು ಹೊಡೆಯಬೇಕೆಂಬುದನ್ನು ಚೌಕಳಿ ಕಾಗದದ ಮೇಲೆ ಬರೆದುಕೊಡುತ್ತಿದ್ದವರು ಅಂದಾನೆಪ್ಪ ಮಾಸ್ತರರು. ಅದನ್ನು ನೋಡಿ ಕಾರ್ಡು ಹೊಡೆಯುತ್ತಿದ್ದವಳು ನಾನು. ಮೂವತ್ತು ವರ್ಷ ಅದೇ ಕೆಲಸ. ಊರಿನ ಅರ್ಧ ಮಗ್ಗಗಳು ಅವರ ತಲೆಯಿಂದ ಬಂದ ಹೂವುಗಳನ್ನೇ ನೇಯುತ್ತಿದ್ದವು.

ಕಾರ್ಡು ಸವೆದು ಹರಿಯುತ್ತಿತ್ತು. ಆಗ ಅದರ ನಕಲು ಮಾಡಬೇಕು. ನಾನು ಕೆಲಸಕ್ಕೆ ಸೇರಿದ ವಾರ ಹಳೆಯ ಕಾರ್ಡನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಖಾಲಿ ಕಾರ್ಡನ್ನು ಹೊದಿಸಿ, ಅಂದಾಜಿನ ಮೇಲೆ ಮೊಳೆ ಬಡಿದಿದ್ದೆ. ಎರಡೂ ಹಾಳಾದವು. ಮಾಸ್ತರರು ಅಳತೆಪಟ್ಟಿಯಿಂದ ನನ್ನ ಬೆರಳ ಗೆಣ್ಣಿಗೆ ಒಂದು ಕೊಟ್ಟು ಹೇಳಿದರು: "ಖಾಲಿದು ಮೊದಲ, ತಂಗಿ. ಹಲಗಿ ಮ್ಯಾಲ ಮೊದಲ ಖಾಲಿದು. ಅದರ ಮ್ಯಾಲ ಹಳೇದು. ಆಗ ಹಳೇದರ ತೂತ ನಿನಗ ಕಾಣತಾವು, ಅದರಾಗಿಂದ ಮೊಳಿ ಇಳಿಸಬೇಕು. ನಿದ್ದಿಯೊಳಗ ಎಬ್ಬಿಸಿ ಕೇಳಿದರೂ ಇದನ್ನ ಹೇಳಬೇಕು ನೀ."

ಹೇಳುವುದೇನು ಬಂತು, ನನ್ನ ಕೈಯೇ ಅದನ್ನು ಕಲಿತುಬಿಟ್ಟಿತು. ಮೂವತ್ತು ವರ್ಷ, ಲಕ್ಷಗಟ್ಟಲೆ ಕಾರ್ಡು. ಪ್ರತಿ ಸಲವೂ ಖಾಲಿಯದು ಮೊದಲು.

ಮಣಿಕಟ್ಟು ಸೋತ ಮೇಲೆ ಸಂಘದವರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಮೂವತ್ತಾರನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳೆಂದು ನನ್ನ ಮೇಲೆ ಅವರಿಗೊಂದು ಗೌರವ. ಮಾಸ್ತರರ ಕಾಗದದ ಒಂದೊಂದು ಚೌಕವನ್ನೂ ಪರದೆಯ ಮೇಲಿನ ಚೌಕಕ್ಕೆ ಇಳಿಸುತ್ತ ಹೋದೆ. ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಗಳಲ್ಲಿಯೇ ಸಕ್ಕರೆ ಕಾಯಿಲೆ ಮಾಸ್ತರರ ಕಣ್ಣನ್ನು ತಿಂದು ಮುಗಿಸಿತು. ಕೊನೆಯ ಕಾಗದವನ್ನು ನಾನು ಮುಗಿಸಿದ ದಿನ ಅವರಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ಉಳಿದಿತ್ತು. ಕಾಗದಗಳು ಆಮೇಲೆ ಇಲ್ಲವಾದವು. ಸಂಘದವರು ರದ್ದಿಗೆ ಹಾಕಿದರೆಂದು ನಾನು ತಿಳಿದಿದ್ದೆ.

ದಿನಾ ಹನ್ನೊಂದಕ್ಕೆ ಗೋಡೆ ಹಿಡಿದುಕೊಂಡು ಅವರು ಸಂಘಕ್ಕೆ ಬರುತ್ತಿದ್ದರು. ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅದರ ಮೇಲೆ ಅಂಗೈ ಇಡುತ್ತಿದ್ದರು, ಜ್ವರ ನೋಡುವವರ ಹಾಗೆ.

"ಎಲ್ಲಾ ಅದಾವಲ್ಲವಾ?"

"ಎಲ್ಲಾ ಅದಾವರೀ ಮಾಸ್ತರ."

"ಎಳ್ಳುಹೂವು?"

"ಐತ್ರೀ."

"ಗುಬ್ಬಿಕಾಲು?"

"ಅದೂ ಐತ್ರೀ. ಕಾಲ ಅದಾವಂತ ಎಲ್ಲೂ ಓಡಿ ಹೋಗಿಲ್ಲ."

ಅವರು ನಗುತ್ತಿದ್ದರು. ಅಷ್ಟಾದರೆ ಅವರ ದಿನ ಸಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಟಿಕ್, ಟಿಕ್ ಎಂದು ಸದ್ದು ಬಂತು. ಹಲ್ಲಿ ಲೊಚಗುಟ್ಟಿತೆಂದು ಗೋಡೆ ನೋಡಿದೆ. ಮತ್ತೆ ಟಿಕ್. ಕೆಳಗೆ ನೋಡಿದರೆ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಉರಿದು ನಿಂತಿತ್ತು. ಒಂದು ಉಸಿರಿನಷ್ಟು ಹೊತ್ತು ತಡೆದು ಮತ್ತೆ ಮಿನುಗತೊಡಗಿತು. ಪರದೆಯೂ ಅಷ್ಟು ಹೊತ್ತು ಕಲ್ಲಾಗಿತ್ತು.

ಮೆಹರುನ್ನಿಸಾಳನ್ನು ಕರೆಸಿದೆ. ಬಜಾರಿನ ತುದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತಂದೆಯ ಅಂಗಡಿಯನ್ನು ಮುಂದುವರಿಸಿ, ಈಗ ಟೀವಿ, ಕಂಪ್ಯೂಟರುಗಳನ್ನು ನೋಡುತ್ತಿದ್ದ ನಲವತ್ತರ ಹೆಣ್ಣುಮಗಳು. ಮಾತು ಖಾರ, ಕೈ ಮೆತ್ತಗೆ. ಪೆಟ್ಟಿಗೆಗೆ ಕಿವಿಯಾನಿಸಿ ಕೂತಳು.

"ಅಕ್ಕಾ, ಇದರ ಎದಿ ಕೆಟ್ಟೈತಿ."

"ಎಷ್ಟ ದಿನಾ ಬಾಳತೈತಿ?"

"ಇವತ್ತ ನಿಂದರಬಹುದು, ಆರ ತಿಂಗಳ ನಡೀಬಹುದು. ನಾ ಏನ ಪಂಚಾಂಗ ಹೇಳಾಕಿನ? ಮೊದಲ ಇದರದೊಂದು ನಕಲ ಮಾಡಿ ಇಟ್ಟಬಿಡ್ರಿ."

ಸಂಘದ ಕಾರ್ಯದರ್ಶಿ ಮುರಿಗೆಪ್ಪನವರ ಒಪ್ಪಿಗೆ ಪಡೆದು ಅವಳು ಅದೇ ಕಂಪನಿಯ, ಅದೇ ಅಳತೆಯ ಹೊಸ ಡಿಸ್ಕೊಂದನ್ನು ತಂದಳು. ಅದನ್ನೂ ಪೆಟ್ಟಿಗೆಯೊಳಗೆ ಕೂರಿಸಿ ತಂತಿ ಜೋಡಿಸಿದಳು. ಪೆನ್‌ಡ್ರೈವಿನಲ್ಲಿ ಮೂರು ಸಾಫ್ಟ್‌ವೇರುಗಳನ್ನು ಹಾಕಿಕೊಟ್ಟು ಒಂದೊಂದರ ಗುಣ ಹೇಳಿದಳು.

ಇಂಗ್ಲಿಷನ್ನು ನಾನು ಓದುತ್ತಿದ್ದೆ. ಆದರೆ ಓದಿದ್ದು ಒಳಗಿಳಿಯಬೇಕಾದರೆ ಅದನ್ನೊಮ್ಮೆ ಕನ್ನಡದಲ್ಲಿ ಬರೆದುಕೊಳ್ಳಬೇಕಿತ್ತು. ಮೂರನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮೊದಲನೆಯದು ನಾವು ತೋರಿಸಿದ ಫೈಲುಗಳನ್ನಷ್ಟೇ ನಕಲು ಮಾಡುವಂಥದು. ತೋರಿಸಲು ಮರೆತದ್ದು ಉಳಿದುಹೋಗುತ್ತದೆ. ಡಿಸೈನು ತೆರೆಯುವ ಸಾಫ್ಟ್‌ವೇರೂ ಅದರ ಜೊತೆ ಬರುವುದಿಲ್ಲ. ಆ ಸಾಫ್ಟ್‌ವೇರು ಕೊಟ್ಟ ಕಂಪನಿ ಎಂದೋ ಮುಚ್ಚಿಹೋಗಿತ್ತು. ಎರಡನೆಯದು ಡಿಸ್ಕಿನ ಇಮೇಜ್ ಮಾಡುತ್ತದೆ. ಎಂದರೆ ಇಡೀ ಡಿಸ್ಕನ್ನು, ಒಳಗಿರುವ ಎಲ್ಲದರ ಸಮೇತ, ಒಂದೇ ಒಂದು ದೊಡ್ಡ ಫೈಲಾಗಿ ಗಂಟುಕಟ್ಟಿ ಬೇರೆ ಡಿಸ್ಕಿನಲ್ಲಿಡುತ್ತದೆ, ಬೇಕಾದಾಗ ಬಿಚ್ಚಿಕೊಳ್ಳಬೇಕು. ಮೂರನೆಯದು ಈ ಡಿಸ್ಕನ್ನು ನೇರವಾಗಿ ಆ ಡಿಸ್ಕಿನ ಮೇಲೆ ಅಚ್ಚೊತ್ತುತ್ತದೆ. ಮುಗಿದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಸರಿ, ಕೆಲಸ ಮುಂದುವರಿಯುತ್ತದೆ.

ಮುರಿಗೆಪ್ಪನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಒಂದ ನಕಲ ಮಾಡಾಕ ಮೂರ ನಮೂನಿ ಬೇಕೇನ? ನಮ್ಮ ಕಾಲಕ್ಕ ಒಂದ ಮೊಳಿ, ಒಂದ ಸುತ್ತಿಗಿ ಇದ್ದರ ಮುಗೀತಿತ್ತು."

"ಮೊಳಿ ಸುತ್ತಿಗಿ ತಂದಕೊಡಲೇನ್ರೀ ಯಜಮಾನರ? ಡಿಸ್ಕಿಗೆ ನೀವ ಬಡೀರಿ," ಎಂದಳು ಮೆಹರುನ್ನಿಸಾ. ಅವರು ನಗುತ್ತ ಹೋದರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ನನ್ನ ಮಾತ ಕೇಳ್ರಿ. ಇಮೇಜ್ ಮಾಡೂದ ಛಲೋ. ಅದು ಹೊಸ ಡಿಸ್ಕಿನ್ಯಾಗ ಒಂದ ಗಂಟಾಗಿ ಹೋಗಿ ಕುಂದರತೈತಿ. ಹಳೇದನ್ನ ಬರೇ ಓದತೈತಿ, ಅದರ ಮ್ಯಾಲ ಬರಿಯೂದಿಲ್ಲ."

"ಗಂಟಿನೊಳಗ ಏನೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಬಿಚ್ಚಾಕ ಬರಲಿಲ್ಲಂದ್ರ? ಮೂರನೇದು ನಮ್ಮ ಕಾರ್ಡಿನಂಗ ಐತಿ. ಇದ್ದದ್ದ ಇದ್ದಂಗ."

"ಕಾರ್ಡ ಬ್ಯಾರೆ, ಡಿಸ್ಕ ಬ್ಯಾರೆ."

"ತೂತು, ಖಾಲಿ, ತೂತು, ಖಾಲಿ. ಎರಡೂ ಅಷ್ಟ ಅಂತ ನೀನ ಹೇಳಿದ್ದಿಯಲ್ಲ?"

ಅವಳು ಕೈಚೆಲ್ಲಿದಳು. ಚಿಕ್ಕಮ್ಮನ ಊರಿನಲ್ಲಿ ಮದುವೆಯಿತ್ತು, ನಾಲ್ಕು ದಿನ ಹೋಗಬೇಕಿತ್ತು. "ನಾ ಬಂದು ಮಾಡತೇನಿ. ಅಲ್ಲಿತನಕ ಇದನ್ನ ಚಾಲೂ ಮಾಡಬ್ಯಾಡ್ರಿ. ಮುಟ್ಟದಿದ್ದರ ಸಾಯೂದಿಲ್ಲ," ಎಂದು ಹೇಳಿ ಹೋದಳು.

ನಾನು ತಾಳ್ಮೆಯವಳೆಂದು ಊರೆಲ್ಲ ಹೇಳುತ್ತಿತ್ತು. ಗಂಟಾದ ಎಳೆಯನ್ನು ಕತ್ತರಿಸದೆ ಬಿಡಿಸುವವಳೆಂದು ಹೆಸರು. ಆದರೆ ಹೆದರಿಕೆ ಹೊಕ್ಕ ಮನೆಯಲ್ಲಿ ತಾಳ್ಮೆಗೆ ಜಾಗವಿರುವುದಿಲ್ಲ. ಮರುದಿನ ಹನ್ನೊಂದಕ್ಕೆ ಮಾಸ್ತರರು ಬಂದರು, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು.

"ಯಾಕವಾ, ತಣ್ಣಗೈತಿ?"

"ಈಗ ಚಾಲೂ ಮಾಡತೇನ್ರೀ," ಎಂದುಬಿಟ್ಟೆ. ಯಾಕೆ ತಣ್ಣಗಿದೆಯೆಂದು ಹೇಳುವ ಧೈರ್ಯ ಬರಲಿಲ್ಲ. ಗುಂಡಿ ಒತ್ತಿದೆ. ಟಿಕ್, ಟಿಕ್, ಟಿಕ್. ನಿನ್ನೆಗಿಂತ ಬೇಗಬೇಗ. ಒಂದು ಡಿಸೈನು ತೆರೆಯಲು ಹೋದರೆ ಅರ್ಧ ಹೂವು ಮೂಡಿ ನಿಂತುಬಿಟ್ಟಿತು. ಇನ್ನರ್ಧ ಬರಲೇ ಇಲ್ಲ. ಕಾದೆ. ದೀಪ ಉರಿದು ನಿಂತೇ ಇತ್ತು. ನೂರರವರೆಗೆ ಎಣಿಸಿದೆ. ಆಮೇಲೆ ಹೂವು ಪೂರ್ತಿಯಾಯಿತು. ಅಷ್ಟರಲ್ಲಿ ನನ್ನ ಅಂಗೈ ಬೆವತು ಮೌಸು ಜಾರುತ್ತಿತ್ತು.

ಇನ್ನು ಮೂರು ದಿನ ಇದು ಬದುಕುವುದಿಲ್ಲ ಎನಿಸಿತು. ಮೆಹರುನ್ನಿಸಾ ಬರುವ ಹೊತ್ತಿಗೆ ಇಲ್ಲಿ ಹೆಣವಿರುತ್ತದೆ. ಈಗಲೇ ಆಗಬೇಕು.

ಪೆನ್‌ಡ್ರೈವು ಚುಚ್ಚಿ, ಪೆಟ್ಟಿಗೆಯನ್ನು ಆರಿಸಿ ಮತ್ತೆ ಚಾಲೂ ಮಾಡಿದೆ. ಕಂಪ್ಯೂಟರು ತನ್ನ ಡಿಸ್ಕನ್ನು ಬಿಟ್ಟು ಆ ಪೆನ್‌ಡ್ರೈವಿನಿಂದಲೇ ಎದ್ದಿತು. ಮೂರನೆಯ ಸಾಫ್ಟ್‌ವೇರನ್ನು ಆರಿಸಿದೆ. ಅದು ಕೇಳಿತು: ಬರಹವಿರುವ ಭಾಗವನ್ನಷ್ಟೇ ನಕಲು ಮಾಡಲೋ, ಡಿಸ್ಕಿನ ಒಂದೊಂದು ಜಾಗವನ್ನೂ ಬಿಡದೆ ಮಾಡಲೋ? ಕಾರ್ಡಿನಲ್ಲಿ ಖಾಲಿ ಜಾಗವೂ ಡಿಸೈನೇ. ಬಿಡದೆ ಮಾಡು ಎಂದೆ. ಆಮೇಲೆ ಒಂದು ಪಟ್ಟಿ ಬಂತು. ಎರಡು ಡಿಸ್ಕು. ಹೆಸರು ಒಂದೇ, ಅಳತೆ ಒಂದೇ. ಸೊನ್ನೆ ಮತ್ತು ಒಂದು ಎಂಬ ಅಂಕಿಯಷ್ಟೇ ಬೇರೆ. ಸೊನ್ನೆ ಹಳೆಯದು, ಒಂದು ಹೊಸದು, ಮೆಹರುನ್ನಿಸಾ ಬರೆಸಿದ್ದಳು. ಅದರಲ್ಲಿ ನನಗೆ ಗೊಂದಲವಿರಲಿಲ್ಲ.

ಮೊದಲ ಡಿಸ್ಕು ಆರಿಸು ಎಂದಿತು. ನನ್ನ ಕೈ ಹೋಗಿ ಹೊಸದನ್ನು ಒತ್ತಿತು. ಎರಡನೆಯದನ್ನು ಆರಿಸು ಎಂದಿತು. ಹಳೆಯದನ್ನು ಒತ್ತಿತು. ಕಿವಿ ಪೂರ್ತಿ ಟಿಕ್ ಟಿಕ್ ಸದ್ದಿನ ಮೇಲಿತ್ತು. ಎರಡನೆಯದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೆಂಪಕ್ಷರ ಕೇಳಿತು. ಖಾಲಿ ಡಿಸ್ಕಿನಲ್ಲಿ ಅಳಿಸುವುದಕ್ಕೆ ಏನಿದೆ ಎಂದುಕೊಂಡೆ. ಮುಂದುವರಿ ಎಂದೆ.

"ಏನ ಮಾಡಾಕತ್ತೀಯವಾ?" ಎಂದರು ಮಾಸ್ತರರು.

"ನಕಲ ಮಾಡಾಕತ್ತೇನ್ರೀ. ಎಲ್ಲಾ ಡಿಸೈನು. ಒಂದಕ್ಕ ಎರಡ ಆಗತಾವು."

"ಛಲೋ ಆತು. ಒಂದು ನನಗ, ಒಂದು ನನ್ನ ಹೆಣಕ್ಕ," ಎಂದು ನಕ್ಕರು.

ಪರದೆಯ ಮೇಲೆ ನೀಲಿ ಪಟ್ಟಿ ಎಳ್ಳಷ್ಟೆಳ್ಳಷ್ಟೇ ಬೆಳೆಯಿತು. ಶೇಕಡಾ ಒಂದು. ದೀಪ ಹಿಂದೆಂದೂ ಇಲ್ಲದಷ್ಟು ನೆಟ್ಟಗೆ ಉರಿಯುತ್ತಿತ್ತು. ಎದೆ ಸ್ವಲ್ಪ ಹಗುರಾಯಿತು. ರೂಢಿಯಂತೆ ನೋಟುಬುಕ್ಕು ತೆಗೆದು ಮಾಡಿದ್ದನ್ನು ಕನ್ನಡದಲ್ಲಿ ಬರೆಯತೊಡಗಿದೆ. ಮೇಲೆ ತಾರೀಖು. ಕೆಳಗೆ ಪರದೆಯಲ್ಲಿದ್ದ ಮಾತು. 'ಎಲ್ಲಿಂದ: ಒಂದನೆಯ ಡಿಸ್ಕಿನಿಂದ. ಎಲ್ಲಿಗೆ: ಸೊನ್ನೆಯ ಡಿಸ್ಕಿಗೆ.'

ಬರೆದದ್ದನ್ನು ಒಮ್ಮೆ ಓದಿದೆ. ಇನ್ನೊಮ್ಮೆ ಓದಿದೆ.

ಪೆನ್ನು ಕೈಯಿಂದ ಬಿತ್ತು. ಖಾಲಿಯದು ಹಳೆಯದರ ಮೇಲೆ ಅಚ್ಚಾಗುತ್ತಿತ್ತು. ಏನೂ ಇಲ್ಲದ್ದು, ಮಾಸ್ತರರ ಜೀವಮಾನದ ಮೇಲೆ, ಒಂದು ಜಾಗವನ್ನೂ ಬಿಡದೆ, ನಾನೇ ಹೇಳಿದ ಹಾಗೆ. ನೀಲಿ ಪಟ್ಟಿ ಶೇಕಡಾ ಮೂರಕ್ಕೆ ಬಂದಿತ್ತು. ಕೂಗಬೇಕೆಂದರೆ ಬಾಯೊಳಗೆ ನಾಲಿಗೆ ರಟ್ಟಿನಂತಾಗಿತ್ತು. ಪರದೆಯಲ್ಲಿ ನಿಲ್ಲಿಸುವ ಗುಂಡಿ ಎಲ್ಲೋ ಇದ್ದೀತು, ನನಗೆ ಕಾಣಲಿಲ್ಲ. ಮೇಜಿನಡಿ ನುಗ್ಗಿ ಗೋಡೆಯಿಂದ ಪ್ಲಗ್ಗನ್ನು ಕಿತ್ತೆ.

ಸಾಸಿವೆಕಾಳು ಆರಿತು. ಟಿಕ್ ಎಂಬುದೂ ನಿಂತಿತು.

"ಯಾಕವಾ? ಕರೆಂಟ ಹೋತೇನ?"

ಮೇಜಿನ ಕೆಳಗೆ ಮೊಣಕಾಲೂರಿ ಕೂತಿದ್ದವಳು ಹೇಳಿದೆ: "ಹೌದರೀ ಮಾಸ್ತರ. ಹೋತು."

ಹೇಳಿ ಮೇಲೆ ನೋಡಿದರೆ ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರ ಬಿಳಿಗೂದಲು ಗಾಳಿಗೆ ಅಲುಗುತ್ತಿತ್ತು. ಅವರು ಪೆಟ್ಟಿಗೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಎದ್ದು ಹೋದರು.

ಆಮೇಲಿನ ಮೂರು ದಿನಗಳನ್ನು ಹೇಗೆ ಕಳೆದೆನೋ. ಒಮ್ಮೆ ಪೆನ್‌ಡ್ರೈವು ತೆಗೆದು ಪ್ಲಗ್ಗು ಹಾಕಿ ನೋಡಿದೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ: ಎದ್ದೇಳಲು ಇಲ್ಲಿ ಏನೂ ಇಲ್ಲ ಎಂಬರ್ಥದ ಮಾತು. ತಟ್ಟನೆ ಆರಿಸಿದೆ. ಯಾರಾದರೂ ಹಿಂದಿನಿಂದ "ಅಕ್ಕಾ" ಎಂದರೆ ಮೈ ಬೆಚ್ಚಿ ಬೀಳುತ್ತಿತ್ತು. ಮುರಿಗೆಪ್ಪನವರು ಬಂದು, "ಕೆಳಗಿನ ಓಣ್ಯಾಗ ಎಳ್ಳುಹೂವಿನ ಕಾರ್ಡ ನೀರಾಗ ನೆನದಾವಂತ. ಹೊಸಾವು ಹೊಡಸಬೇಕು, ಪ್ರಿಂಟ ತಗದಕೊಡ," ಎಂದರು.

"ನಾಳೆ ಕೊಡತೇನ್ರೀ."

"ಯಾಕ, ಮುಖ ಹಿಂಗ ಬಿಳಚಿಕೊಂಡೈತಿ? ಡಾಕ್ಟರಗ ತೋರಸು."

ಮಾಸ್ತರರು ಮಾತ್ರ ಆ ಮೂರು ದಿನವೂ ಬರಲಿಲ್ಲ. ಅವರು ಬಾರದಿದ್ದದ್ದಕ್ಕೆ ನನಗೆ ಸಮಾಧಾನವಾಗುತ್ತಿತ್ತು. ಸಮಾಧಾನವಾಯಿತಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ನಾಲ್ಕನೆಯ ದಿನ ಮೆಹರುನ್ನಿಸಾ ಬಂದಳು, ಅಂಗೈತುಂಬ ಮದರಂಗಿ. ಅವಳು ಬಾಯಿ ತೆರೆಯುವ ಮೊದಲೇ ನಾನು ನೋಟುಬುಕ್ಕಿನ ಆ ಪುಟ ತೋರಿಸಿದೆ. ಓದಿ ತಲೆಯ ಮೇಲೆ ಕೈಹೊತ್ತು ಕೂತಳು.

"ಮುಟ್ಟಬ್ಯಾಡ್ರಿ ಅಂದಿದ್ದೆ!"

"ಅಂದಿದ್ದಿಯವಾ."

"ಹೊಸದನ್ನ ಯಾಕ ಮೊದಲ ಹಾಕಿದ್ರಿ? ಓದಾಕ ಬರತೈತಲ್ಲ ನಿಮಗ!"

ನನಗೆ ಅಳು ಒತ್ತರಿಸಿ ಬಂತು. ನನ್ನ ಬಲಗೈಯನ್ನು ಮುಂದೆ ಚಾಚಿ ತೋರಿಸಿದೆ. "ಇದನ್ನ ಕೇಳು. ಇದು ಮಾಡಿದ್ದು. ನಮ್ಮ ಹಲಗಿ ಮ್ಯಾಲ ಖಾಲಿದು ಮೊದಲ."

ಅವಳು ಬೈಗುಳವನ್ನು ನುಂಗಿಕೊಂಡಳು. ಡಿಸ್ಕನ್ನು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ನಡೆದಳು. ನಾನು ಹಿಂದೆ ಹಿಂದೆ. ಅಲ್ಲಿ ಮೊದಲು ಅವಳು ಮಾಡಿದ್ದು, ನಾನು ಬೇಡವೆಂದಿದ್ದ ಕೆಲಸವನ್ನೇ. ಆ ಗಾಯಗೊಂಡ ಡಿಸ್ಕಿನ ಇಮೇಜ್ ತೆಗೆಯತೊಡಗಿದಳು. "ಇನ್ನ ಏನ ಹುಡುಕೂದಿದ್ದರೂ ಗಂಟಿನೊಳಗ ಹುಡುಕೋಣು. ಮೂಲದ ಮ್ಯಾಲ ಕೈ ಇಡೂದು ಇದ ಕಡೇದು," ಎಂದಳು. ಸಾಫ್ಟ್‌ವೇರು ಡಿಸ್ಕನ್ನು ತುಸುತುಸುವೇ ಓದುತ್ತ, ತಡೆದಲ್ಲಿ ಮುಂದೆ ದಾಟಿ, ಆಮೇಲೆ ಹಿಂತಿರುಗಿ ಬರುತ್ತಿತ್ತು. ಎರಡು ದಿನ ಹಿಡಿಯಿತು. ಹಗಲೆಲ್ಲ ನಾನು ಆ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಅಲ್ಲಿಯೂ ಅಂಥದೇ ಒಂದು ಕೆಂಪು ದೀಪ. ಅದು ತಡೆದು ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು, ಮಿನುಗಿದಾಗ ಉಸಿರಾಡುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನ ಇಮೇಜ್ ಮುಗಿಯಿತು. ಆಮೇಲೆ ಹುಡುಕಾಟ. ಸಂಜೆಗೆ ಮೆಹರುನ್ನಿಸಾ ಕುರ್ಚಿ ತಿರುಗಿಸಿದಳು.

"ಅಕ್ಕಾ, ಒಂದ ಪುಸ್ತಕ ಅನಕೊಳ್ರಿ. ಮೊದಲಿನ ಹಾಳಿ ಹೋಗ್ಯಾವು. ಯಾವ ಪಾಠ ಎಲ್ಲೈತಿ ಅನ್ನೂ ಪಟ್ಟಿನೂ ಅದರಾಗ ಹೋತು. ಒಳಗಿನ ಹಾಳಿ ಉಳದಾವು. ಆದರ ತಲಿಬರಹ ಇಲ್ಲ."

"ಎಷ್ಟ ಸಿಕ್ಕಾವು?"

"ನಾನೂರಾ ಒಂಬತ್ತು. ಅವನ್ನ ತೆರೆಯೂ ಸಾಫ್ಟ್‌ವೇರೂ ಸಿಕ್ಕೈತಿ."

ಇಪ್ಪತ್ತೆರಡು ಹೋಗಿದ್ದವು. ಉಳಿದವಕ್ಕೆ ಹೆಸರಿರಲಿಲ್ಲ, ಬರೀ ನಂಬರು. ಪರದೆಯ ಮೇಲೆ ಒಂದೊಂದಾಗಿ ತೆರೆದು ನೋಡಿದೆ. ಕಾರ್ಡು ಹೊಡೆದ ನನಗೇ ಅವೆಲ್ಲ ಒಂದರಂತೆ ಒಂದು ಕಂಡವು. ಎಳ್ಳುಹೂವಿನಲ್ಲಿಯೇ ಹನ್ನೊಂದು ಬಗೆ. ಯಾವುದು ಆರೆಳೆಯದು, ಯಾವುದು ಮಾಸ್ತರರು ತಿದ್ದಿ ಬಿಟ್ಟದ್ದು, ಯಾವುದು ದಡಿಗೆ, ಯಾವುದು ಸೆರಗಿಗೆ? ನೇಕಾರರು ಕೇಳುವುದು ಹೆಸರು ಹಿಡಿದು. ಆರ್ಡರು ಪುಸ್ತಕದಲ್ಲಿ ನಾನೂರ ಮೂವತ್ತೊಂದು ಹೆಸರುಗಳೂ ಇದ್ದವು. ಹೆಸರು ಅಲ್ಲಿ, ಹೂವು ಇಲ್ಲಿ. ಎರಡನ್ನೂ ಕೂಡಿಸಬಲ್ಲವರು ಒಬ್ಬರೇ, ಅವರಿಗೆ ಕಣ್ಣಿಲ್ಲ.

ಮಾರನೆಯ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರ ಓಣಿಗೆ ತಿರುಗುವಲ್ಲಿ ಎರಡು ಸಲ ಹಿಂದಕ್ಕೆ ಬಂದೆ. ಮೂರನೆಯ ಸಲ ಒಳಗೆ ಕಾಲಿಟ್ಟಾಗ ಅವರು ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು.

"ಬಾರವಾ. ಹೆಜ್ಜಿ ಸಪ್ಪಳ ಮೂರ ಸಲಾ ಕೇಳಿಸಿತು. ಒಬ್ಬಾಕಿನೋ, ಮೂರ ಮಂದಿನೋ ಅಂತ ನೋಡಾಕತ್ತಿದ್ದೆ."

ನಗಲಾಗಲಿಲ್ಲ. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಎಲ್ಲಿಯೂ ಏನನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿದಾಗ ಅವರ ಮುಖ ನೋಡುವ ಧೈರ್ಯವಿಲ್ಲದೆ ಅವರ ಪಾದಗಳನ್ನೇ ನೋಡುತ್ತಿದ್ದೆ.

"ಅವತ್ತ ಫ್ಯಾನ ತಿರಗತಿತ್ತು," ಎಂದರು.

"ಹೌದರೀ."

"ಯಾಕ ಸುಳ್ಳ ಹೇಳಾಕತ್ತಾಳ ಅಂತ ವಿಚಾರ ಮಾಡಿದೆ. ಆಮ್ಯಾಲ ಬರೂದ ಬಿಟ್ಟೆ. ಕೇಳಾಕ ನನಗೂ ಅಂಜಿಕಿ."

ನಾನು ಕಾದೆ. ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದುಕೊಂಡೇ ಬಂದಿದ್ದೆ.

"ಖಾಲಿದು ಮೊದಲ ಇಡು ಅಂತ ನಿನಗ ಹೇಳಿಕೊಟ್ಟವ ಯಾರು?" ಎಂದರು.

ನಾನು ಬಲಗೈಯನ್ನು ಸೆರಗಿನಡಿ ಮುಚ್ಚಿಕೊಂಡೆ.

"ಗೆಣ್ಣಿಗೆ ಬಡದು ಕಲಿಸೀನಿ. ಕೈ ಮರೀಲಿಲ್ಲಂದ್ರ ಕೈದೇನ ತಪ್ಪು?" ದನಿಯಲ್ಲಿದ್ದದ್ದು ಸಿಟ್ಟೋ ದುಃಖವೋ ತಿಳಿಯಲಿಲ್ಲ. "ಇನ್ನೊಂದು ಹೇಳತೇನಿ ಕೇಳು. ಕಾಗದಾ ಸಂಘದವರು ರದ್ದಿಗೆ ಹಾಕಲಿಲ್ಲ. ನಾನ ತರಿಸಿಕೊಂಡೆ. ಕಡೇ ವರ್ಷ ಗೆರಿ ಸೊಟ್ಟ ಬರತಿದ್ದವು, ಬಣ್ಣ ಚೌಕದ ಹೊರಗ ಹೋಗತಿತ್ತು. ಅದನ್ನ ಯಾರೂ ನೋಡಬಾರದು ಅನಿಸಿತು. ಒಂದ ಚಳಿಗಾಲ ಪೂರ್ತಿ ಬಚ್ಚಲ ಒಲಿಗೆ ಹಾಕಿ ನೀರ ಕಾಸಿಕೊಂಡೀನಿ. ಸೊಟ್ಟ ಯಾವುದು ನೆಟ್ಟಗ ಯಾವುದು ಕಣ್ಣಿಗೆ ಕಾಣಬೇಕಲ್ಲ? ಎಲ್ಲಾ ಹಾಕಿದೆ. ಅವು ಇದ್ದಿದ್ದರ ನೀ ಇಷ್ಟ ಅಂಜತಿದ್ದಿಲ್ಲ."

ಬೀದಿಯಲ್ಲಿ ಯಾರೋ ಬಣ್ಣದ ನೂಲಿನ ಲಡಿಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋದರು. ಮಾಸ್ತರರು ಪಂಚೆಯ ಅಂಚಿನಿಂದ ಮೂಗೊರೆಸಿಕೊಂಡರು.

"ನಡಿ. ಒಂದನೇ ನಂಬರ ತಗಿ. ಸಾಲ ಹಿಡದು ಕೂಗು."

ನಾನು ಹೊಸಬಳಾಗಿದ್ದ ಕಾಲಕ್ಕೆ, ಇನ್ನೂ ಅಕ್ಷರ ಬಾರದವಳು ಕಾಗದ ನೋಡುತ್ತ ತಡವರಿಸುವಾಗ, ಅವರು ಪಕ್ಕದಲ್ಲಿ ನಿಂತು ಕೂಗುತ್ತಿದ್ದರು: ಇಷ್ಟು ಬಿಡು, ಇಷ್ಟು ಹೊಡಿ. ನಾನು ಅದರಂತೆ ಮೊಳೆ ಬಡಿಯುತ್ತಿದ್ದೆ. ಈಗ ಕೂಗುವವಳು ನಾನಾದೆ. ಸಂಘದ ಕೋಣೆಯಲ್ಲಿ ಹೊಸ ಡಿಸ್ಕಿನ ಕಂಪ್ಯೂಟರಿನ ಮುಂದೆ ಕೂತು, ಹೆಸರಿಲ್ಲದ ಹೂವಿನ ಸಾಲುಗಳನ್ನು ಓದಿದೆ. "ನಾಕ ಬಿಡು, ಒಂದ ಹೊಡಿ. ಮೂರ ಬಿಡು, ಮೂರ ಹೊಡಿ. ಎರಡ ಬಿಡು, ಐದ ಹೊಡಿ..." ಅವರು ಕಣ್ಣು ಮುಚ್ಚಿ, ಹೊಡಿ ಎಂದಾಗಲೆಲ್ಲ ತೋರುಬೆರಳಿನಿಂದ ಮೊಣಕಾಲಿನ ಮೇಲೆ ಬಡಿಯುತ್ತಿದ್ದರು. ಏಳನೆಯ ಸಾಲಿಗೆ ಬೆರಳು ನಿಂತಿತು.

"ಸೋರೆಬಳ್ಳಿ. ಸೆರಗಿಂದು, ಸಣ್ಣದು. ಬರಕೋ."

ಕೆಲವಕ್ಕೆ ಮೂರು ಸಾಲು ಸಾಕಾಗುತ್ತಿತ್ತು, ಕೆಲವಕ್ಕೆ ಮೂವತ್ತು. ಒಮ್ಮೊಮ್ಮೆ "ಥೂ, ಇದನ್ನ ನಾ ಮಾಡಿದ್ದೇನ? ಎಷ್ಟ ಕೆಟ್ಟೈತಿ!" ಎಂದು ಬೈದುಕೊಳ್ಳುತ್ತಿದ್ದರು. ದಿನಕ್ಕೆ ಹತ್ತು, ಹನ್ನೆರಡು. ಒಂದೂವರೆ ತಿಂಗಳು ಕೂತೆವು. ಪ್ರತಿ ಸಂಜೆ ಮೆಹರುನ್ನಿಸಾ ಬಂದು ಆ ದಿನದವರೆಗಿನ ಇಮೇಜ್ ತೆಗೆದು, ಅದನ್ನೊಮ್ಮೆ ಬಿಚ್ಚಿ ತೋರಿಸಿ, ಇನ್ನೊಂದು ಡಿಸ್ಕಿನಲ್ಲಿ ತನ್ನ ಅಂಗಡಿಗೆ ಒಯ್ಯುತ್ತಿದ್ದಳು. ಬಿಚ್ಚಿ ತೋರಿಸುವವರೆಗೂ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಆರ್ಡರು ಪುಸ್ತಕದಲ್ಲಿ ಕೊನೆಗೆ ಇಪ್ಪತ್ತೆರಡು ಹೆಸರುಗಳು ಉಳಿದವು. ಅವಕ್ಕೆ ಹೂವಿರಲಿಲ್ಲ. ಆಗ ಕೂಗುವ ಪಾಳಿ ಮತ್ತೆ ಅವರದಾಯಿತು. ನೆನಪಿನಿಂದ ಅವರು ಕೂಗಿದರು, ನಾನು ಚೌಕ ತುಂಬಿದೆ. ಹತ್ತೊಂಬತ್ತು ಮರಳಿ ಬಂದವು. ಎರಡಕ್ಕೆ ಅವರು ಕೈ ಆಡಿಸಿಬಿಟ್ಟರು: "ಅವು ಅಷ್ಟೇನ ಛಲೋ ಇರಲಿಲ್ಲ ಬಿಡು. ಹೋದರ ಹೋಗಲಿ."

ಕೊನೆಯದು ಸಂಜಿಮಲ್ಲಿಗಿ. ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಮೂವತ್ತೊಂಬತ್ತು ಸಾಲು ತಡೆಯದೆ ಹೇಳಿದರು. ಪರದೆಯ ಮೇಲೆ ದಂಟು ಬಂತು, ಎಲೆ ಬಂತು, ಮೊಗ್ಗಿನ ಕೆಳಗಿನ ತೊಟ್ಟು ಬಂತು. ನಲವತ್ತನೆಯ ಸಾಲಿಗೆ ನಿಂತರು. ತುಟಿ ಅಲುಗಿತು, ಮಾತು ಬರಲಿಲ್ಲ. ಹಿಂದಿನ ಸಾಲುಗಳನ್ನು ಓದೆಂದರು, ಓದಿದೆ. ಮತ್ತೊಮ್ಮೆ ಓದೆಂದರು. ಅಂದೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಮೂರನೆಯ ದಿನ ಅವರು ನನ್ನ ಕಡೆ ಮುಖ ತಿರುಗಿಸಿದರು.

"ಮುಂದಿಂದು ನೀ ಹೇಳವಾ."

"ನಾನ? ನನಗೇನ ಗೊತ್ತರೀ ಮಾಸ್ತರ? ನಾ ನಕಲ ಮಾಡಾಕಿ."

"ಮೂವತ್ತ ವರ್ಷ ನನ್ನ ಹೂವಿನಾಗ ತೂತ ಹೊಡದೀದಿ. ಮೊಗ್ಗಿ ಹ್ಯಾಂಗ ಅರಳತೈತಿ ಅಂತ ಗೊತ್ತಿಲ್ಲೇನ? ಹೇಳು."

ಪರದೆಯ ಮೇಲೆ ತೊಟ್ಟಿನ ಮೇಲುಗಡೆ ಎಲ್ಲ ಖಾಲಿ ಚೌಕ. ಪ್ಲಗ್ಗು ಕಿತ್ತ ದಿನದ ಹಾಗೆಯೇ ಬಾಯಿ ಒಣಗಿತು. ತಪ್ಪಿದರೆ ಈ ಸಲ ಯಾವ ಡಿಸ್ಕಿನ ಮೇಲೂ, ಯಾವ ಕೈಯ ಮೇಲೂ ತಪ್ಪು ಹೊರಿಸುವಂತಿರಲಿಲ್ಲ.

"ಎರಡ ಬಿಡು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಬೇಡವೆನ್ನಲಿಲ್ಲ.

"ಒಂದ ಹೊಡಿ."

ಅವರ ತೋರುಬೆರಳು ಮೊಣಕಾಲಿನ ಮೇಲೆ ಒಮ್ಮೆ ಬಡಿಯಿತು. ಮತ್ತೆ ಮೇಲೆದ್ದು, ಮುಂದಿನದಕ್ಕಾಗಿ ಕಾಯುತ್ತ, ಗಾಳಿಯಲ್ಲಿ ಹಾಗೆಯೇ ನಿಂತಿತು.